ನಲವತ್ತಕ್ಕೆ ಒಂದು

ಲಾರಿಯಿಂದ ಇಳಿಸಿದಾಗ ಅದರ ಹೊಟ್ಟೆಯಲ್ಲಿನ್ನೂ
ಸಮುದ್ರದ ಮರಳಿತ್ತು.
ಕಾರವಾರದ ಕಡೆ ಯಾರೋ ಓಡಿಸಿ ಬಿಟ್ಟ ಹಳೇ ವಾಟರ್ ಸ್ಕೂಟರು,
ಬಿಸಿಲಿಗೆ ಬಣ್ಣ ಹೋಗಿ
ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಳದಿ.
"ಅಮಾನಿಕೆರೆಗೆ ಹೇಮಾವತಿ ನೀರು ಬಂದೈತೆ, ಬೋಟಿನ ಟೆಂಡರು ನಂದೇ,"
ಅಂದ ಕರಿಗಿರಿಯಪ್ಪ.
"ಆರ್‌ಎಕ್ಸ್ ರಿಪೇರಿ ಮಾಡೋಳಿಗೆ ಇದೇನು ಮಹಾ?"

ಗುಬ್ಬಿ ಗೇಟಿನ ನಮ್ಮ ಶೆಡ್ಡಿನಲ್ಲಿ
ಲೂನಾ, ಯೆಜ್ಡಿ, ಔಷಧಿ ಹೊಡೆಯೋ ಪಂಪು,
ಟೂ ಸ್ಟ್ರೋಕ್ ಜಾತಿಯದೆಲ್ಲ ಒಂದೇ ಸಂಸಾರವೆಂದು ನಂಬಿದ್ದೆ.
ಬಿಚ್ಚಿ ನೋಡಿದರೆ
ಈ ಕಾರ್ಬೊರೇಟರಿಗೆ ಬಟ್ಟಲೇ ಇಲ್ಲ, ತೇಲುವ ಗುಂಡೂ ಇಲ್ಲ.
ಮಗುಚಿ ಬಿದ್ದರೂ ಚೆಲ್ಲದ ಹಾಗೆ
ವೀಳ್ಯದೆಲೆಯಷ್ಟು ತೆಳ್ಳನೆ ರಬ್ಬರ್ ಪದರ,
ಎಂಜಿನ್ ಉಸಿರೆಳೆದರೆ ತಾನೂ ತಗ್ಗಿ
ಬಿಟ್ಟರೆ ಏಳುತ್ತದೆ,
ಮಲಗಿದ ಕೂಸಿನ ನೆತ್ತಿ.

ಉಗುರಗಲದ ಜಾಲರಿಯಲ್ಲಿ ಹಸಿರು ಲೋಳೆ.
ಬೂದು ಪೈಪು ಒಳಗೊಳಗೇ ಕರಗಿ ಕಟ್ಟಿಕೊಂಡದ್ದು.
ತೊಳೆಯಲು ಎರಡು ಸಂಜೆ ಹಿಡಿಯಿತು.
ಜೆಟ್ಟಿನ ರಂಧ್ರಕ್ಕೆ ತಂತಿ ಹಾಕಬಾರದು,
ಗಾಯವಾದರೆ ಅಳತೆ ಕೆಡುತ್ತದೆ.
ಗಾಳಿ ಊದಿ, ಬಲ್ಬಿಗೆ ಹಿಡಿದು
ಸೂಜಿಮೊನೆಯಷ್ಟು ಬೆಳಕು ಈಚೆ ಬಂತೇ ನೋಡಬೇಕು.
ದಸ್ತಗೀರ್ ಸಾಬರು ಕಲಿಸಿದ್ದು.
ಆಗ ನನಗೆ ಹದಿನಾರು,
ಅವರ ಕಿವಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಎಣ್ಣೆಗೆ ಬೇರೆಯೇ ಪಂಪು. ತಾನೇ ಅಳೆದು ತಾನೇ ಬಡಿಸುವ ಜಾಣ.
"ಚೆನ್ನಾಗೇ ಐತಲ್ಲ, ಇರ್ಲಿ ಬಿಡು," ಅಂದ ಕರಿಗಿರಿಯಪ್ಪ.
ಸಾಬರು ಮಾತಾಡಲಿಲ್ಲ, ಪೈಪು ತೋರಿಸಿದರು:
ನಡುವೆ ಹೆಸರುಕಾಳಿನಷ್ಟು ಗಾಳಿ ಗುಳ್ಳೆ.
ಆ ಗುಳ್ಳೆ ಸಿಲಿಂಡರು ಮುಟ್ಟುವ ಹೊತ್ತಿಗೆ
ಸ್ಕೂಟರು ಕೆರೆಯ ನಡುವೆ ಇರುತ್ತದೆ.

ಪಂಪು ಕಿತ್ತು ಅದರ ಬಾಯಿಗೆ ತಗಡು ಬಿಗಿದೆ.
ಇನ್ನು ಕೈಯಳತೆ.
ಲೀಟರಿಗೆ ಇಪ್ಪತ್ತೈದು ಎಂ.ಎಲ್.,
ಅಕ್ಕನ ಮಗುವಿನ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ.
ಅರ್ಧ ಪೆಟ್ರೋಲು, ಎಣ್ಣೆ, ಕುಲುಕು, ಉಳಿದರ್ಧ.
ಮುದ್ದೆಯ ಹಾಗೆ ಇದೂ ಅವತ್ತವತ್ತಿನದು,
ತಿಂಗಳಿಟ್ಟರೆ ಹಳಸುತ್ತದೆ.
ಹೆದರಿಕೆಗೆ ಒಂದು ಮುಚ್ಚಳ ಜಾಸ್ತಿ ಸುರಿಯಹೋದೆ,
ಮಣಿಕಟ್ಟಿನ ಮೇಲೆ ಏಟು ಬಿತ್ತು:
"ಎಣ್ಣೆ ಜಾಸ್ತಿ ಅಂದ್ರೆ ಪೆಟ್ರೋಲು ಕಮ್ಮಿ. ಇನ್ನೂ ಬೇಗ ಸುಡ್ತದೆ."

ಶೆಡ್ಡಿನಲ್ಲಿ ನಲ್ಲಿ ಪೈಪು ಕೊಟ್ಟು ಪರೀಕ್ಷೆ.
ಶುರುವಿಗೆ ಎಂಜಿನ್ ಮೊದಲು, ನೀರು ಆಮೇಲೆ;
ನಿಲ್ಲಿಸುವಾಗ ನೀರು ಮೊದಲು, ಎಂಜಿನ್ ಆಮೇಲೆ.
ತಪ್ಪಿದರೆ, ನೆಲದ ಮೇಲೆ ನಿಂತ ಯಂತ್ರ
ನಲ್ಲಿಯ ನೀರಲ್ಲಿ ಮುಳುಗಿ ಸಾಯುತ್ತದೆ.

ಕೆರೆ. ಬೆಳಿಗ್ಗೆ ಆರೂವರೆ.
ಮೊಣಕಾಲು ನೀರಲ್ಲಿ ನಿಂತು ಸಾಬರು
ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು.
ಕಣ್ಣು ಮುಚ್ಚಿದರು. ಬೆರಳು ಮಾತ್ರ ಹೇಳುತ್ತಿತ್ತು:
ಎಡಕ್ಕೆ,
ಇನ್ನೊಂದು ಕಾಲು ಸುತ್ತು,
ಕೂದಲೆಳೆ ಹಿಂದಕ್ಕೆ,
ಸಾಕು.
ಐವತ್ತು ವರ್ಷ ಕಿವಿ ತಿಂದ ಸದ್ದು
ಈಗ ದವಡೆಯಲ್ಲಿ ಬಾಡಿಗೆಗೆ ಇದೆ.

ಹೊರಟೆ. ನಡುಕೆರೆಯವರೆಗೆ ಪೂರಾ ಹಿಡಿದು
ತಟ್ಟನೆ ಆಫ್.
ಪ್ಲಗ್ಗು ಬಿಚ್ಚಿದೆ, ಬೆರಳು ಸುಟ್ಟಿತು:
ಹುರಿದ ರಾಗಿಹಿಟ್ಟಿನ ಬಣ್ಣ!
ಇಷ್ಟೇ ಬೇಕಿತ್ತು.
"ಸರಿಯಾಗೈತೆ" ಎಂದು ದಡಕ್ಕೆ ಕೂಗಿ
ಯಾರಿಗೆ ಕೂಗಿದೆನೆಂದು ಆಮೇಲೆ ನೆನಪಾಯಿತು.

ತಿರುಗಿದಾಗ ಕಂಡದ್ದು,
ನಾನು ಬಂದ ದಾರಿಯುದ್ದಕ್ಕೂ ನೀರ ಮೇಲೆ
ಪಾರಿವಾಳದ ಕತ್ತಿನ ಬಣ್ಣ.
ಅಳೆದು ಕೊಟ್ಟದ್ದರಲ್ಲಿ ಉರಿಯದೆ ಉಳಿದದ್ದು.
ರಸ್ತೆಯ ಮೇಲಾದರೆ ಹೊಗೆಯೊಂದಿಗೆ ಹೋಗುತ್ತಿತ್ತು,
ನಾನು ಹಿಂದಿರುಗಿ ನೋಡುತ್ತಲೇ ಇರಲಿಲ್ಲ.
ಹೆದರಿ ಹಾರಿದ್ದ ನಾಮದಕೋಳಿಗಳು ಒಂದೊಂದೇ ಬಂದು
ಅದರ ಅಂಚಿಗೆ ಇಳಿದವು.
ಒಂದು, ಕೊಕ್ಕು ಅದ್ದಿ
ತಲೆ ಒದರಿತು.

ದಡದಲ್ಲಿ ಕರಿಗಿರಿಯಪ್ಪ ಟವಲು ಬೀಸುತ್ತಿದ್ದ.
ಪಕ್ಕದಲ್ಲಿ ಸಾಬರು ಅಂಗೈ ತಿರುವಿ ತಿರುವಿ ಕೇಳುತ್ತಿದ್ದರು,
ಏನು ಬಣ್ಣ? ಏನು ಬಣ್ಣ?
ಪ್ಲಗ್ಗು ಇನ್ನೂ ನನ್ನ ಕೈಯಲ್ಲೇ ಇತ್ತು.